ಕಾಗದದ ಮೇಲಿನ ಒಂದು ವರ್ಷ

ಎವಾರಿಸ್ತು ಪಶೇಕು ಏಳು ವರ್ಷದ ಹುಡುಗನಾಗಿದ್ದಾಗ ಬಾಸ್ಟನ್ ಹತ್ತಿರದ ಗಿರಣಿ ಊರಾದ ಫಾಲ್ ರಿವರ್‌ಗೆ ಬಂದವನು. ಹುಟ್ಟಿದ್ದು ಸಾವ್ ಮಿಗೆಲ್ ದ್ವೀಪದಲ್ಲಿ, ಪೋರ್ಚುಗಲ್ಲಿಗೆ ಸೇರಿದ ಆ ಅಸೋರ್ಸ್ ನಡುಗಡ್ಡೆಗಳಲ್ಲಿ ಒಂದರಲ್ಲಿ. ಅಲ್ಲಿಂದ ಅವನು ಹೊತ್ತು ತಂದ ನೆನಪು ಅಂದರೆ ಒಂದು ಕರಿಹಸು ಮತ್ತು ಅದು ನಿಂತಿದ್ದ ಇಳಿಜಾರು, ಅಷ್ಟೆ. ಹಸುವಿನ ಹೆಸರೂ ಅವನಿಗೆ ನೆನಪಿರಲಿಲ್ಲ. ಅವನಂಥವನಿಗೆ ಹೆಸರು ಮರೆತುಹೋಗಿದೆ ಅಂದರೆ ಆ ದ್ವೀಪ ಅವನ ಪಾಲಿಗೆ ಎಷ್ಟು ದೂರದ್ದು ಅಂತ ತಿಳಿಯಬೇಕು. ಯಾಕೆಂದರೆ ಫಾಲ್ ರಿವರ್‌ನ ವಿಷಯದಲ್ಲಿ ಅವನು ಏನನ್ನೂ ಮರೆತವನಲ್ಲ.

ನಮ್ಮ ಬೀದಿಯಲ್ಲಿ ಯಾವ ಮನೆಯಲ್ಲಿ ಯಾವ ವರ್ಷ ಯಾರು ಸತ್ತರು, ಯಾವ ಗಿರಣಿ ಯಾವ ಶುಕ್ರವಾರ ಬಾಗಿಲು ಹಾಕಿತು, ಆವತ್ತು ಗೇಟಿನ ಹತ್ತಿರ ಅತ್ತ ಹೆಂಗಸು ಯಾರು, ಎಲ್ಲ ಅವನ ನಾಲಗೆಯ ತುದಿಯಲ್ಲಿ. ಮೂರಂತಸ್ತಿನ ಆ ಮರದ ಮನೆಗಳ ಹಿತ್ತಿಲುಗಳನ್ನು ಅವನು ಬಾಯಲ್ಲೇ ಕಟ್ಟಿ ನಿಲ್ಲಿಸುತ್ತಿದ್ದ: ನಲ್ಲಿಯ ಹಳೇ ಪೈಪುಗಳಿಗೆ ಹಬ್ಬಿಸಿದ ದ್ರಾಕ್ಷಿ, ಆಳೆತ್ತರ ಬೆಳೆದ ಕೋಸುಸೊಪ್ಪು, ಒಡೆದ ಸ್ನಾನದ ತೊಟ್ಟಿಯನ್ನು ಅರ್ಧ ಹೂತು ಅದರ ಗೂಡಿನೊಳಗೆ ನಿಲ್ಲಿಸಿದ ಮಾತೆ ಮರಿಯಳ ಪ್ರತಿಮೆ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಜನ ಅವನ ಸುತ್ತ ಕುರ್ಚಿ ಎಳೆದುಕೊಂಡು, "ಎವಾರಿಸ್ತು, ಆ ಹಿಮ ಬಿದ್ದ ವರ್ಷದ್ದು ಹೇಳೋ" ಅನ್ನುತ್ತಿದ್ದರು. ಅವನು ಶುರು ಮಾಡಿದರೆ ಮುಗಿಯಿತು, ಕಾಫಿ ಆರಿ ಹೋಗಬೇಕು.

ಅವನ ಕಸುಬು ಶುರೀಸು ಮಾಡುವುದು. ಹಂದಿಮಾಂಸವನ್ನು ಬೆಳ್ಳುಳ್ಳಿ, ವೈನು, ಉಪ್ಪು ಹಾಕಿ ಅರೆದ ಕೆಂಪು ಮೆಣಸಿನಲ್ಲಿ ಎರಡು ದಿನ ನೆನೆಸಿ, ಕರುಳಿಗೆ ತುಂಬಿ, ಹೊಗೆಗೂಡಿನಲ್ಲಿ ತೂಗುಹಾಕುವ ಕೆಲಸ. ಅಪ್ಪ ಜಸಿಂತು ಅದೇ ಹೊಗೆಗೂಡಿನಲ್ಲಿ ದುಡಿದಿದ್ದ. ಹದಿನಾರಕ್ಕೆ ಮಗನೂ ಅಪ್ಪನ ಪಕ್ಕ ನಿಂತು, ತೊಟ್ಟಿಯಲ್ಲಿ ಮಾಂಸ ಕಲಸುವ ಮರದ ಹುಟ್ಟು ಹಿಡಿದ. ಆ ಹೊಗೆಯ ವಾಸನೆ ಎಷ್ಟು ತೊಳೆದರೂ ಮೈ ಬಿಡುತ್ತಿರಲಿಲ್ಲ. ಜುಲ್ಮೀರಾ ಅವನನ್ನು ಮದುವೆಯಾಗುವ ಮೊದಲೇ ಹೇಳಿದ್ದಳು: "ನಿನ್ನ ಜೊತೆ ಚರ್ಚಿಗೆ ಬಂದ್ರೆ ಹಿಂದಿನ ಬೆಂಚಿನೋರಿಗೆಲ್ಲ ಹಸಿವಾಗುತ್ತೆ ಕಣೋ. ಪಾದ್ರಿ ಮಾತು ಯಾರು ಕೇಳ್ತಾರೆ?" ಅವಳು ಪರದೆ ಹೊಲಿಯುವ ಕಾರ್ಖಾನೆಯವಳು, ಸೂಜಿಯಷ್ಟೇ ಚೂಪು ಬಾಯಿ.

ಆ ಕಾಲದಲ್ಲಿ ನಮ್ಮವರಿಗೆ ಪೌರತ್ವದ ಗೊಡವೆ ಇರಲಿಲ್ಲ. ಇಲ್ಲೇ ಇರಲು ಗ್ರೀನ್ ಕಾರ್ಡ್ ಇತ್ತು, ಕೆಲಸ ಇತ್ತು, ತೆರಿಗೆ ಕಟ್ಟುತ್ತಿದ್ದರು. ಇನ್ನೇನು ಬೇಕು? ಎವಾರಿಸ್ತುವಿನ ತಾಯಿ ಇಲ್ದಾಗೆ ಅದು ಪಾಪದ ಕೆಲಸವಾಗಿಯೂ ಕಂಡಿತ್ತು. "ಕೈ ಎತ್ತಿ ಪ್ರಮಾಣ ಮಾಡಿ, ಹುಟ್ಟಿದ ನೆಲ ನಂದಲ್ಲ ಅನ್ನಬೇಕಂತೆ. ನನ್ನ ಹೆತ್ತೋರ ಗೋರಿ ಅಲ್ಲಿದೆ, ನಾನು ಹೇಗಪ್ಪಾ ಅನ್ನಲಿ?" ಎನ್ನುತ್ತಿದ್ದಳು. ತಾಯಿ ಅನ್ನದ ಮಾತನ್ನು ಮಗ ಅನ್ನುವುದಕ್ಕೆ ಹೋಗಲಿಲ್ಲ. ಹೀಗೆ ವರ್ಷಗಳು ಉರುಳಿದವು.

ಅವರ ಬದುಕಿನಲ್ಲಿ ಗೊಡವೆ ಅಂತ ಇದ್ದದ್ದು ಕಿರೀಟದ್ದು. ಪವಿತ್ರಾತ್ಮದ ಬೆಳ್ಳಿಯ ಕಿರೀಟ, ನೆತ್ತಿಯ ಮೇಲೆ ಪಾರಿವಾಳ. ಈಸ್ಟರ್ ಆದ ಮೇಲೆ ಏಳು ವಾರ ಅದು ಏಳು ಮನೆಗಳಲ್ಲಿ ಇರುತ್ತದೆ. ಯಾವ ಮನೆ ಅನ್ನುವುದು ಹಿಂದಿನ ವರ್ಷದ ಹಬ್ಬದಲ್ಲೇ ಚೀಟಿ ಎತ್ತಿ ತೀರ್ಮಾನ. ಜಸಿಂತು ಹದಿನೈದು ವರ್ಷ ಚೀಟಿ ಹಾಕಿದ, ಹದಿನೈದು ವರ್ಷವೂ ಅವನ ಹೆಸರು ಬರಲಿಲ್ಲ. ಪ್ರತಿ ಸಲವೂ ಹೊಸ ಟೋಪಿ ಹಾಕಿಕೊಂಡು ಹೋಗಿ, ಅದನ್ನು ಕೈಯಲ್ಲಿ ಹಿಡಿದು ಮನೆಗೆ ಬರುತ್ತಿದ್ದ. ಸಾಯುವಾಗಲೂ ಅವನಿಗೆ ಅದೊಂದೇ ಕೊರಗು. ಅವನು ಸತ್ತ ಮರುವರ್ಷ, ಎಂಬತ್ತಮೂರರಲ್ಲಿ, ಎವಾರಿಸ್ತು ಮೊದಲ ಸಲ ಚೀಟಿ ಹಾಕಿದ. ಮೊದಲ ಸಲಕ್ಕೇ ಬಂತು, ಅದೂ ಏಳನೆಯ ವಾರ, ಎಲ್ಲಕ್ಕಿಂತ ದೊಡ್ಡದು. ಇಲ್ದಾ ಅಲ್ಲೇ ನೆಲಕ್ಕೆ ಕೂತು ಗೋಳೋ ಅಂತ ಅತ್ತುಬಿಟ್ಟಳು.

ಚಳಿಗಾಲ ಪೂರ್ತಿ ತಯಾರಿ ನಡೆಯಿತು. ಮುಂದಿನ ಕೋಣೆಗೆ ಸುಣ್ಣ, ಕಿಟಕಿಗೆ ಜುಲ್ಮೀರಾ ಹೊಲಿದ ಬಿಳಿ ಪರದೆ. ಎಲ್ಲ ಸರಿಯಾಗಿರುವಾಗ ಫೆಬ್ರವರಿಯ ಒಂದು ಬೆಳಿಗ್ಗೆ ಹೊಗೆಗೂಡಿನಲ್ಲಿ ಲಿಯೊನೆಲ್ ಬಾಯಿ ಬಿಟ್ಟ. ಲಿಯೊನೆಲ್ ಹೊರಗಿನವನಲ್ಲ, ಎವಾರಿಸ್ತುವಿನ ಜೊತೆ ಒಂದೇ ತೊಟ್ಟಿಯಲ್ಲಿ ಕೈ ಅದ್ದುವವನು, ಅವನ ಮಗಳು ಡೆನೀಸಳ ಜ್ಞಾನಸ್ನಾನಕ್ಕೆ ಗಾಡ್‌ಫಾದರ್ ಆಗಿ ನಿಂತವನು. ಹಾಗೆ ನಿಂತವರು ಮಗುವಿನ ಅಪ್ಪನಿಗೆ ಕುಂಪಾದ್ರೆ ಆಗುತ್ತಾರೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಆದರೆ ಅವನೂ ಒಂಬತ್ತು ವರ್ಷದಿಂದ ಚೀಟಿ ಹಾಕುತ್ತಿದ್ದ. ಹೊಟ್ಟೆಯಲ್ಲಿ ಸ್ವಲ್ಪ ಉರಿ ಇದ್ದೇ ಇತ್ತು.

"ಒಂದು ಮಾತು ಕೇಳ್ಲಾ ಕುಂಪಾದ್ರೆ?" ಅಂದ. "ನಿಮ್ಮಪ್ಪ ಬದುಕಿರೋವರೆಗೂ ಪವಿತ್ರಾತ್ಮ ನಿಮ್ಮನೆ ಬಾಗಿಲು ತುಳೀಲಿಲ್ಲ. ಅವನು ಹೋಗಿದ್ದೇ ತಡ, ಬಂದುಬಿಡ್ತು. ದೇವರಿಗೂ ಗೊತ್ತಿತ್ತು ಬಿಡು, ಮುದುಕ ವೈನಿಗೆ ನೀರು ಬೆರೆಸ್ತಿದ್ದ ಅಂತ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎವಾರಿಸ್ತುವಿನ ಕೈಯಲ್ಲಿ ಮಾಂಸ ಕಲಸುವ ಹುಟ್ಟು ಇತ್ತು. ಒಂದೇ ಏಟು, ಲಿಯೊನೆಲ್‌ನ ಭುಜದ ಮೂಳೆ ಮುರಿಯಿತು. ಮುರಿದ ಮೇಲೆ ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನೂ ಎವಾರಿಸ್ತುವೇ, ದಾರಿಯುದ್ದಕ್ಕೂ ಅಳುತ್ತ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಲಿಯೊನೆಲ್ ದೂರು ಬೇಡ ಅಂದ, ಮೆಟ್ಟಿಲಿಂದ ಬಿದ್ದೆ ಅಂದ, ಯಾರೂ ನಂಬಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಶುರೀಸು ಉಣಿಸಿದ ಹುಟ್ಟು ಸರ್ಕಾರದ ಕಾಗದದಲ್ಲಿ ಅಪಾಯಕಾರಿ ಆಯುಧ ಅಂತ ದಾಖಲಾಯಿತು.

ಈಸ್ಟರ್ ಮುಗಿದ ಮಂಗಳವಾರ ಕೋರ್ಟು. ಸರ್ಕಾರ ಕೊಟ್ಟ ವಕೀಲ ಡಾಯ್ಲ್ ಒಳ್ಳೆಯ ಮನುಷ್ಯ, ಕೋಟಿನ ತುಂಬ ಬಿಸ್ಕತ್ತಿನ ಪುಡಿ. ಪಡಸಾಲೆಯಲ್ಲಿ ತಾಯಿ ಮಗನನ್ನು ನಿಲ್ಲಿಸಿಕೊಂಡು ಹೇಳಿದ:

"ತಪ್ಪೊಪ್ಪಿಕೊಂಡ್ರೆ ಎರಡು ದಾರಿ ಕೊಟ್ಟಿದ್ದಾರೆ. ಒಂದು, ಇವತ್ತಿಂದ ಅರವತ್ತು ದಿನ ಜೈಲು, ಅಲ್ಲಿಗೆ ಮುಗೀತು. ಇನ್ನೊಂದು, ಒಂದು ವರ್ಷ ಶಿಕ್ಷೆ, ಆದ್ರೆ ಅಮಾನತು. ಅಂದ್ರೆ ಬರೀ ಕಾಗದದ ಮೇಲೆ. ಗಲಾಟೆ ಮಾಡದೇ ಇದ್ರೆ ಒಂದು ದಿನಾನೂ ಒಳಗೆ ಹೋಗೋದು ಬೇಡ. ನನ್ನ ಕೇಳಿದ್ರೆ ಅರವತ್ತು ದಿನ ತಗೋ. ಒಂದು ವರ್ಷ ಅನ್ನೋದು ಉದ್ದದ ಹಗ್ಗ ಕಣಯ್ಯಾ, ಕತ್ತಲ್ಲಿ ಇರುತ್ತೆ."

ಎವಾರಿಸ್ತು ಬೆರಳು ಮಡಿಚಿ ಲೆಕ್ಕ ಹಾಕಿದ. ಅರವತ್ತು ದಿನ ಅಂದರೆ ಜೂನ್ ಇಪ್ಪತ್ತಮೂರು. ಕಿರೀಟ ಮನೆಗೆ ಬರುವುದು ಜೂನ್ ಮೂರಕ್ಕೆ. ಮನೆಯ ಯಜಮಾನ ಜೈಲಿನಲ್ಲಿದ್ದರೆ ಆ ಮನೆಗೆ ಕಿರೀಟ ಬರುವುದಿಲ್ಲ. ಚೀಟಿ ಮುಂದಿನ ಹೆಸರಿಗೆ ಹೋಗುತ್ತದೆ, ಅದು ಹಬ್ಬ ನಡೆಸುವ ಸಂಘದ ಹಿರಿಯರ ಕಟ್ಟಳೆ. ಇಲ್ದಾ ಮಗನ ತೋಳು ಹಿಡಿದುಕೊಂಡಳು. "ಹದಿನೈದು ವರ್ಷ ಕಣೋ," ಅಂದಳು.

"ಕಾಗದದ್ದೇ ಕೊಡಿ," ಅಂದ ಎವಾರಿಸ್ತು.

ಆ ವಾರದ ವೈಭವವನ್ನು ಅವನ ಬಾಯಲ್ಲೇ ಕೇಳಬೇಕಿತ್ತು. ಸಂಜೆಯಾದರೆ ಮೆಟ್ಟಿಲ ತುಂಬ ಚಪ್ಪಲಿ ಬೂಟುಗಳ ಸದ್ದು, ಮೂರು ಅಂತಸ್ತಿನವರೂ ಒಂದೇ ಕೋಣೆಯಲ್ಲಿ. ಜಪ ಮುಗಿಯುವುದೇ ತಡ, ಬೇಯಿಸಿದ ಅವರೆಯಂಥ ಫಾವಾ ಕಾಳು, ಸಿಹಿ ರೊಟ್ಟಿ, ಜಸಿಂತುವಿನ ಕೊನೆಯ ಪೀಪಾಯಿಯ ವೈನು. ಅದಕ್ಕೆ ನೀರು ಬೆರೆಸಿರಲಿಲ್ಲ ಅಂತ ಲಿಯೊನೆಲ್, ಭುಜಕ್ಕೆ ಪಟ್ಟಿ ಕಟ್ಟಿಕೊಂಡೇ ಬಂದು, ನಾಲ್ಕು ಲೋಟ ಕುಡಿದು ಎಲ್ಲರೆದುರು ಸಾಕ್ಷಿ ಹೇಳಿದ. ಇಬ್ಬರೂ ಕಟ್ಟಿಕೊಂಡು ಅತ್ತರು. ಭಾನುವಾರ ಪಾದ್ರಿ ಆ ಕಿರೀಟವನ್ನು ಎವಾರಿಸ್ತು ತಲೆಯ ಮೇಲೆ ಇಟ್ಟಾಗ ಅವನಿಗೆ ಬೆಳ್ಳಿಯ ಭಾರವೂ ತಂಪೂ ಹಣೆಗೆ ತಾಗಿದವು. ಆಮೇಲೆ ನಾನೂರು ಜನಕ್ಕೆ ರೊಟ್ಟಿ ಮಾಂಸದ ಸಾರು, ಮೇಲೆ ಪುದೀನ. ಇಲ್ದಾ ಸಾಯುವವರೆಗೂ ಆ ಭಾನುವಾರದಿಂದಲೇ ಕಾಲ ಅಳೆದಳು. "ಅದು ಕಿರೀಟ ಬಂದಿದ್ದಕ್ಕೆ ಮುಂಚೆ," "ಇದು ಕಿರೀಟ ಬಂದ ಮೇಲೆ" ಅಂತ.

ಆ ಒಂದು ವರ್ಷ ಕಾಗದದ ಮೇಲೇ ಕಳೆಯಿತು. ಎಲ್ಲರೂ ಮರೆತರು. ಎವಾರಿಸ್ತು ಮಾತ್ರ ಮರೆಯಲಿಲ್ಲ. ಆ ಕೋರ್ಟಿನ ದಿನ ಅವನಿಗೆ ಮಾನಗೇಡಿನ ದಿನವಾಗಿ ಉಳಿಯಲೇ ಇಲ್ಲ, ಕಿರೀಟ ಉಳಿಸಿಕೊಂಡ ದಿನವಾಗಿ ಉಳಿಯಿತು. ಕಥೆ ಹೇಳುವಾಗ ಆ ಕೋರ್ಟಿನ ಬೆಳಿಗ್ಗೆಯೂ ಸೇರಿರುತ್ತಿತ್ತು.

ತೊಂಬತ್ತೆಂಟರಲ್ಲಿ ಡೆನೀಸ್‌ಗೆ ಹದಿನೇಳು. ಅಜ್ಜಿ ತೀರಿಕೊಂಡಿದ್ದಳು, ಅಡ್ಡ ಹೇಳುವವರಿರಲಿಲ್ಲ. "ಅಪ್ಪಾ, ಮೂವತ್ತೆರಡು ವರ್ಷದಿಂದ ಈ ಊರಲ್ಲಿದ್ದೀಯ. ಒಂದು ಓಟು ಹಾಕೋಕೆ ಆಗಲ್ಲ. ನಾಚಿಕೆ ಆಗಲ್ವಾ?" ಅಂತ ಪೌರತ್ವದ ಅರ್ಜಿ ತಂದು ಊಟದ ಮೇಜಿನ ಮೇಲೆ ಹರಡಿದಳು. ಕೇಳುತ್ತ ಬರೆಯುತ್ತ ಹೋಗಿ ಒಂದು ಕಡೆ ನಿಂತಳು. "ಯಾವತ್ತಾದ್ರೂ ಅರೆಸ್ಟ್ ಆಗಿದ್ಯಾ ಅಂತ ಇದೆ. ಬಿಟ್ಬಿಡ್ಲಾ?"

"ಯಾಕೆ ಬಿಡ್ತೀಯ? ಬರಿ. ಕಳ್ಳತನ ಮಾಡಿದ್ನಾ? ನಿನ್ನ ಗಾಡ್‌ಫಾದರ್ ಭುಜ ಮುರಿದೆ, ಅವನೇ ಕ್ಷಮಿಸಿದ್ದಾನೆ."

ಬರೆದಳು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಅದರಲ್ಲಿ ಪೌರತ್ವವಿರಲಿಲ್ಲ. ಗಡೀಪಾರಿನ ವಿಚಾರಣೆಗೆ ಹಾಜರಾಗಬೇಕು ಅಂತ ಇತ್ತು.

ಮೀನಂಗಡಿಯ ಮೇಲಿನ ಕೋಣೆಯಲ್ಲಿ ಕಾಬ್ರಾಲ್ ಮೇಡಂ ವಕೀಲಿಕೆ ಮಾಡುತ್ತಿದ್ದರು, ನಮ್ಮವರೇ, ಪೋರ್ಚುಗೀಸ್ ಗೊತ್ತಿದ್ದವರು. ಕಾಗದವನ್ನು ಎರಡು ಸಲ ಓದಿದರು.

"ಎರಡು ವರ್ಷದ ಹಿಂದೆ ಕಾನೂನು ಬದಲಾಯ್ತು. ಹೊಡೆದಾಟದ ಕೇಸಲ್ಲಿ ಒಂದು ವರ್ಷ ಅಥವಾ ಮೇಲೆ ಶಿಕ್ಷೆ ಆಗಿದ್ರೆ, ಪ್ರಜೆ ಅಲ್ಲದೋರನ್ನ ಕಳಿಸಲೇಬೇಕು. ಜಡ್ಜಿಗೂ ಬಿಡೋ ಅಧಿಕಾರ ಇಲ್ಲ."

"ನಾನು ಒಂದು ದಿನಾನೂ ಜೈಲಲ್ಲಿ ಇರಲಿಲ್ವಲ್ಲ ಮೇಡಂ."

"ಅಮಾನತಾದ ಶಿಕ್ಷೆನೂ ಶಿಕ್ಷೆನೇ ಅಂತೆ. ಹಳೇ ಕೇಸಿಗೂ ಇದೇ ಲೆಕ್ಕ. ಆಗ ಬೇರೆ ದಾರಿ ಏನೂ ಕೊಟ್ಟಿರಲಿಲ್ವಾ?"

"ಅರವತ್ತು ದಿನ ಜೈಲು ಅಂದಿದ್ರು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ತಗೊಂಡಿದ್ರೆ ನಿಮ್ಮನ್ನ ಯಾರೂ ಮುಟ್ಟೋಕೆ ಆಗ್ತಿರಲಿಲ್ಲ."

ಜುಲ್ಮೀರಾ ಎದ್ದು ನಿಂತಳು. "ಅಂದ್ರೆ ಜೈಲಿಗೆ ಹೋಗಿ ಬಂದೋನು ಮನೇಲಿರಬಹುದು, ಹೋಗದೇ ಇದ್ದೋನು ದೇಶ ಬಿಡಬೇಕು. ಇದ್ಯಾವ ಸೀಮೆ ನ್ಯಾಯ ರೀ?"

ಉಂಡು ಕೈತೊಳೆದು ಹನ್ನೆರಡು ವರ್ಷವಾದ ಮೇಲೆ ಊಟದ ಬೆಲೆ ಏರಿಸಿದ ಹಾಗೆ ಇತ್ತು ಅದು. ಅಂಥ ಕಾನೂನು ಮಾಡಿದವರ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿಲ್ಲವೇನೋ.

ದಾರಿ ಒಂದೇ ಒಂದಿತ್ತು. ಪ್ರಜೆಯಲ್ಲದವನು ತಪ್ಪೊಪ್ಪಿಕೊಳ್ಳುವ ಮುಂಚೆ, ಇದರಿಂದ ಗಡೀಪಾರಾಗಬಹುದು ಅಂತ ಜಡ್ಜಿ ಅವನಿಗೆ ಓದಿ ಹೇಳಬೇಕು, ಅದು ಈ ರಾಜ್ಯದ ಹಳೇ ನಿಯಮ. ಓದಲಿಲ್ಲ ಅಂತಾದರೆ ಆ ಶಿಕ್ಷೆಯೇ ರದ್ದು. ಅಂದಿನ ವಿಚಾರಣೆಯ ಟೇಪು ಅಳಿಸಿಹೋಗಿತ್ತು, ಕಡತದಲ್ಲಿ ಆ ಬಗ್ಗೆ ಒಂದಕ್ಷರವಿರಲಿಲ್ಲ, ಜಡ್ಜಿ ಸತ್ತಿದ್ದರು, ಡಾಯ್ಲ್‌ಗೆ ಬುದ್ಧಿ ಮಸುಕಾಗಿತ್ತು. "ದಾಖಲೆ ಇಲ್ಲದೇ ಇದ್ರೆ ಓದಲಿಲ್ಲ ಅಂತಲೇ ಕೋರ್ಟು ತಿಳ್ಕೊಳ್ಳುತ್ತೆ," ಅಂದರು ಮೇಡಂ. "ನೀವು ಒಂದು ಕಾಗದಕ್ಕೆ ಸಹಿ ಹಾಕಿ ಸಾಕು. ಹಾಗೆ ಓದಿದ್ದು ನನಗೆ ನೆನಪಿಲ್ಲ ಅಂತ."

ಎವಾರಿಸ್ತು ಪೆನ್ನು ಹಿಡಿದು ಕೂತೇ ಇದ್ದ.

"ನೆನಪಿಲ್ಲ ಅನ್ನೋಕೆ ಏನೋ ನಿಂಗೆ ಕಷ್ಟ?" ಅಂದಳು ಜುಲ್ಮೀರಾ. "ನಮ್ಮ ಮದುವೆ ತಾರೀಕು ವರ್ಷಾ ವರ್ಷಾ ಮರೀತೀಯ!"

ಅವನಿಗೂ ನಗು ಬಂತು. ಸಹಿ ಹಾಕಿದ.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಅದೇ ಕೋರ್ಟು, ಅದೇ ಕಂದು ಬಣ್ಣದ ಬೆಂಚುಗಳು. ಅರ್ಧ ಬೀದಿ ಬಂದು ಕೂತಿತ್ತು. ಲಿಯೊನೆಲ್ ತನ್ನ ವಾಲಿದ ಭುಜ ತೋರಿಸುತ್ತ ಹೇಳಿದ: "ತಪ್ಪು ನಂದು ಸ್ವಾಮಿ. ಸತ್ತೋರ ಬಗ್ಗೆ ಕೆಟ್ಟ ಮಾತಾಡಿದೆ. ಅವನಲ್ಲದೆ ಬೇರೆ ಯಾರಾದ್ರೂ ಆಗಿದ್ರೆ ತಲೆಗೇ ಹೊಡೀತಿದ್ದ." ಜಡ್ಜಿ ನಕ್ಕರು. ಸರ್ಕಾರದ ವಕೀಲನೂ ಜೋರು ಮಾಡಲಿಲ್ಲ. ಎಲ್ಲ ಸರಿಹೋಗುವುದರಲ್ಲಿತ್ತು. ಜಡ್ಜಿ ಸಣ್ಣ ವಯಸ್ಸಿನವರು, ಸೌಮ್ಯ ಮುಖ. ಕಡತ ಮುಚ್ಚುವ ಮುಂಚೆ ಎವಾರಿಸ್ತು ಕಡೆ ತಿರುಗಿದರು.

"ಮಿಸ್ಟರ್ ಪಶೇಕು, ಹದಿನೈದು ವರ್ಷದ ಹಿಂದಿನ ಮಾತು. ಆ ದಿನದ್ದು ನಿಮಗೆ ಏನಾದರೂ ನೆನಪಿದೆಯಾ?"

ಹಾಗೆ ಕೇಳಬಾರದಿತ್ತು. ಬೇರೆ ಯಾರನ್ನಾದರೂ ಕೇಳಬಹುದು, ಎವಾರಿಸ್ತುವನ್ನು ಕೇಳಬಾರದು. ಮೇಡಂ ಅರ್ಧ ಎದ್ದಿದ್ದರು, ಅಷ್ಟರಲ್ಲಿ ಅವನ ಮುಖ ಅರಳಿಬಿಟ್ಟಿತು.

"ನೆನಪಿಲ್ದೆ ಏನು ಸ್ವಾಮಿ," ಅಂತ ಶುರು ಮಾಡಿದ. "ಸಣ್ಣಗೆ ಮಳೆ ಇತ್ತು. ಅಮ್ಮ ಆ ಮೂರನೇ ಬೆಂಚಲ್ಲಿ ಕೂತಿದ್ಲು, ಕಪ್ಪು ಶಾಲು, ಕೈಯಲ್ಲಿ ಜಪಮಾಲೆ, ಪೊಲೀಸಪ್ಪ ಬಂದು ಸದ್ದು ಮಾಡಬೇಡಿ ಅಂದ. ಡಾಯ್ಲ್ ಸಾಹೇಬ್ರ ಕೋಟಲ್ಲಿ ಬಿಸ್ಕತ್ತಿನ ಪುಡಿ. ನನ್ನ ಹೊಟ್ಟೇಲಿ ಬರೀ ಖುಷಿ ಸ್ವಾಮಿ, ಕಿರೀಟ ಮನೆಗೆ ಬರುತ್ತೆ, ಅಪ್ಪನ ಆಸೆ ತೀರುತ್ತೆ ಅಂತ. ಜಡ್ಜಿ ಸಾಹೇಬ್ರಿಗೆ ನೆಗಡಿ ಆಗಿತ್ತು. ಕರ್ಚೀಫಲ್ಲಿ ಮೂಗು ಒರೆಸ್ಕೊಂಡು, ಒಂದು ಕಾರ್ಡು ತಗೊಂಡು, ಪೂಜೆ ಓದೋ ಥರ ಓದಿದ್ರು. ನೀವು ಈ ದೇಶದ ಪ್ರಜೆ ಅಲ್ಲದಿದ್ರೆ ಇದ್ರಿಂದ ನಿಮ್ಮನ್ನ ಗಡೀಪಾರು..."

ಅಲ್ಲಿಗೆ ನಿಂತ. ಅವನಿಗೇ ಕೇಳಿಸಿತು.

ಜಡ್ಜಿ ಕೆಳಗೆ ನೋಡುತ್ತ, ಬಹಳ ಮೆಲ್ಲಗೆ, "ಆಮೇಲೆ?" ಅಂದರು. ಇಲ್ಲ ಸ್ವಾಮಿ, ಬೇರೆ ಯಾವುದೋ ದಿನ ನೆನಪಾಯಿತು ಅನ್ನಲಿ ಎಂದು ಅವರೂ ಹಾರೈಸಿದ ಹಾಗಿತ್ತು. ಎವಾರಿಸ್ತು ಜುಲ್ಮೀರಾ ಕಡೆ ನೋಡಿದ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಓದಿದ್ರು ಸ್ವಾಮಿ," ಅಂದ. "ಪೂರ್ತಿ ಓದಿದ್ರು. ಅರ್ಥ ಆಯ್ತಾ ಅಂತ ಕೇಳಿದ್ರು. ಹೂಂ ಅಂದೆ."

ಮನೆಗೆ ಬಂದ ಮೇಲೆ ಜುಲ್ಮೀರಾ ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಸಾರು ಬಡಿಸುತ್ತ, "ಆ ಜಡ್ಜಿಗೆ ನೆಗಡಿ ಆಗಿತ್ತು ಅಂತ ಹೇಳೋದು ಅಷ್ಟು ಮುಖ್ಯವಾಗಿತ್ತೇನೋ ನಿಂಗೆ?" ಅಂದಳು. ಅಂದು, ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅತ್ತಳು. ಡೆನೀಸ್ ಅರ್ಜಿ ಬರೆದ ಕೈ ತನ್ನದು ಅಂತ ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ. ಅವಳನ್ನು ಅಪ್ಪ ಬಾಗಿಲ ಹೊರಗೆ ನಿಂತು, "ನೀನು ನಿಜ ಬರೆದೆ ಮಗಳೇ, ನಾನು ನಿಜ ಹೇಳಿದೆ. ಇಬ್ಬರೂ ದಡ್ಡರೇ, ಬಾ ಊಟಕ್ಕೆ" ಅಂತ ಕರೆದ.

ಗಡೀಪಾರಿನ ಕೋರ್ಟು ಬಾಸ್ಟನ್‌ನಲ್ಲಿ, ಆರನೆಯ ಮಹಡಿಯ ಒಂದು ಕಿಟಕಿಯಿಲ್ಲದ ಕೋಣೆ. ಅಲ್ಲಿಯ ಜಡ್ಜಿ ವಯಸ್ಸಾದವರು, ದಣಿದವರು. ಅವರು ಇಡೀ ಕಡತ ಓದಿಕೊಂಡಿದ್ದರು, ಬೀದಿಯ ಜನ ಬರೆದ ನೂರಾ ಹತ್ತು ಪತ್ರಗಳನ್ನೂ. "ನನ್ನ ಕೈಯಲ್ಲಿದ್ದರೆ ಬೇರೆ ತೀರ್ಪು ಕೊಡುತ್ತಿದ್ದೆ," ಅಂದರು. "ಕಾನೂನು ಅದನ್ನು ನನ್ನ ಕೈಗೆ ಬಿಟ್ಟಿಲ್ಲ." ಆಮೇಲೆ ನಿಯಮದ ಪ್ರಕಾರ ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿತ್ತು. ಕಳಿಸುವ ಮುಂಚೆ ಎಲ್ಲರನ್ನೂ ಅದನ್ನು ಕೇಳುತ್ತಾರೆ.

"ಮಿಸ್ಟರ್ ಪಶೇಕು, ನಿಮ್ಮನ್ನು ಯಾವ ದೇಶಕ್ಕೆ ಕಳಿಸಬೇಕು ಅಂತ ಹೇಳುವ ಹಕ್ಕು ನಿಮಗಿದೆ. ಎಲ್ಲಿಗೆ ಹೋಗಲು ಇಷ್ಟಪಡುತ್ತೀರಿ?"

ಎವಾರಿಸ್ತುವಿಗೆ ಪ್ರಶ್ನೆ ಚೆನ್ನಾಗಿಯೇ ಅರ್ಥವಾಗಿತ್ತು. ಅವನು ಕೈಕಟ್ಟಿ ನಿಂತು, ಸ್ವಲ್ಪ ಯೋಚಿಸಿ ಉತ್ತರ ಕೊಟ್ಟ.

"ಫಾಲ್ ರಿವರ್‌ಗೆ ಕಳಿಸಿ ಸ್ವಾಮಿ."

ಬೇರೆ ಹೆಸರು ಬರಲಿಲ್ಲ. ಕೊನೆಗೆ ಜಡ್ಜಿಯವರೇ ಪೆನ್ನು ತೆಗೆದು, ಆ ಜಾಗದಲ್ಲಿ ಪೋರ್ಚುಗಲ್ ಎಂದು ತುಂಬಿದರು.